ಸಂಪಿಗೆ ಮರವೇರಿದ ಟರ್ಕಿ ಕೋಳಿ

ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ: ಎದುರಿಗೆ ಏನು ಕಂಡರೂ ಅದು ಯಾವ ಖಂಡದ್ದೆಂದು ಹೇಳಿಬಿಡಬೇಕು. ಕಳೆದ ತಿಂಗಳು ಒಂದು ಸಂಜೆ ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ, ಪಕ್ಕದ ಮನೆಯ ಲಿಂಗಣ್ಣನವರ ಗೇಟಿನ ಮುಂದೆ, ಎಲ್ಲಿಂದಲೋ ಬಂದ ಟರ್ಕಿ ಕೋಳಿಯೊಂದು ಬಾಲದ ಗರಿಗಳನ್ನು ಬೀಸಣಿಗೆಯಂತೆ ಬಿಚ್ಚಿ ನಿಂತಿತ್ತು.

“ಇದರ ಮೂಲ ಅಮೆರಿಕದ ಕಾಡು. ಹೆಸರಷ್ಟೇ ಟರ್ಕಿ,” ಎಂದು ನಾನು ಶುರುಮಾಡಿದೆ. “ಟರ್ಕಿಯವ್ರು ಇದನ್ನ ಇಂಡಿಯಾದ್ದು ಅಂದ್ಕೊಂಡು ‘ಹಿಂದಿ’ ಅಂತಾರೆ. ಕಾಡಿನ ಟರ್ಕಿ ಮರ ಹತ್ತಿ ಮಲಗುತ್ತೆ. ಸಾಕಿದ್ದಕ್ಕೆ ಮೈಭಾರ ಜಾಸ್ತಿ, ಹಾರೋಕಾಗಲ್ಲ.”

ಕೋಳಿ ಪಟಪಟನೆ ಕಾಂಪೌಂಡಿಗೆ ಹಾರಿತು. ಅಲ್ಲಿಂದ ಕಾರಿನ ಮೇಲೆ, ಕಾರಿನಿಂದ ಸಂಪಿಗೆ ಮರಕ್ಕೆ. ಲಿಂಗಣ್ಣನವರು ಮರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಕ್ಕುಬಿಟ್ಟಿದ್ದರೇ ವಾಸಿಯಿತ್ತು.

ಅಷ್ಟರಲ್ಲಿ ಗೋಣಿಚೀಲ ಹಿಡಿದ ಒಬ್ಬಾತ ಸ್ಕೂಟರ್ ನಿಲ್ಲಿಸಿದ. “ನಮ್ದೇ ಸಾರ್, ತಪ್ಪಿಸ್ಕೊಂಡ್ಬಂದಿದೆ. ಏಣಿ ಇದ್ಯಾ?”

ಪರೋಪಕಾರಿಯಾದ ನಾನು ಒಳಗೋಡಿ ಏಣಿ ತಂದು ಮರಕ್ಕೆ ಒರಗಿಸಿಯೇಬಿಟ್ಟೆ. ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಲಿಂಗಣ್ಣನವರು ಅಡ್ಡ ನಿಂತರು.

“ನಿಮ್ದೇ ಆದ್ರೆ ಕರೀರಿ, ಬರುತ್ತೆ.”

ಆತ ಕರೆದ. ಕೋಳಿ ಬೆನ್ನು ತಿರುಗಿಸಿತು.

“ಹೆಸರೇನಿಟ್ಟಿದೀರಿ?”

ಆತ ಯೋಚಿಸಿ, “ಕೋಳಿ” ಅಂದ.

ಲಿಂಗಣ್ಣನವರು ಬಿಳಿ ಪಂಚೆ ಮಡಚಿ ಏಣಿಯ ಕೆಳಮೆಟ್ಟಿಲ ಮೇಲೆ ಕೂತೇಬಿಟ್ಟರು. ಚಿಕ್ಕಪೇಟೆಯ ಅಂಗಡಿಯಲ್ಲಿ ದಿನವಿಡೀ ಕೂತು ಪಳಗಿದವರನ್ನು ಎಬ್ಬಿಸುವುದು ಸುಲಭವಲ್ಲ. ಸ್ಕೂಟರ್ ಗೊಣಗುತ್ತ ಹೋಯಿತು.

ಅರ್ಧ ಗಂಟೆಯ ಮೇಲೆ ಮನೆಮನೆ ವಿಚಾರಿಸುತ್ತ ಹೆಂಗಸೊಬ್ಬರು ಬಂದರು. ವೈಯಾಲಿಕಾವಲ್‌ನ ಜಯಮ್ಮ. ಬೆಳಗ್ಗೆಯಿಂದ ಕೂಗಿ ಹುಡುಕಿ ದನಿ ಬಿದ್ದುಹೋಗಿತ್ತು. “ರಾಜಣ್ಣಾ, ಬಾರೋ ಕಂದಾ!” ಅಂದದ್ದೇ ತಡ, ಮರದೊಳಗಿಂದ ಗುಳುಗುಳು ಎಂದು ಉತ್ತರ ಬಂತು, ಹಿಂದೆಯೇ ರಾಜಣ್ಣನೂ ಧೊಪ್ಪೆಂದು ಇಳಿದ. ಆಕೆ ಅವನನ್ನು ಅವಚಿಕೊಂಡು ರಸ್ತೆಯಲ್ಲೇ ಅತ್ತುಬಿಟ್ಟರು. ನಾನು ಸದ್ದಿಲ್ಲದೆ ಏಣಿ ಒಳಗಿಟ್ಟೆ.

ಭಾನುವಾರ ಲಿಂಗಣ್ಣನವರೂ ನಾನೂ ಜಯಮ್ಮನವರ ಮನೆಗೆ ಹೋದೆವು. ತಾರಸಿಯ ಮೇಲೆ, ನೀರಿನ ಟ್ಯಾಂಕಿಗಿಂತ ಎತ್ತರಕ್ಕೆ ಅಡ್ಡಲಾಗಿ ಒಂದು ಹೊಸ ಬಿದಿರು ಕಟ್ಟಿದ್ದರು.

“ಕೆಳಗೆ ಮೆತ್ತಗೆ ಗೋಣಿ ಹಾಸ್ಕೊಟ್ಟಿದ್ದೆ ಅಣ್ಣಾ,” ಅಂದರು ಜಯಮ್ಮ. “ಇವ್ನಿಗೆ ಮೇಲೆ ಕೂರೋ ಆಸೆ ಅಂತ ನಂಗೇ ಗೊತ್ತಾಗ್ಲಿಲ್ಲ.”

ನಾವು ಮೂವರೂ ಚಾಪೆಯ ಮೇಲೆ ಕಾಫಿ ಕುಡಿದೆವು. ರಾಜಣ್ಣ ಬಿದಿರಿನ ಮೇಲೆ ಕೂತು, ಮನೆಯ ಹಿರಿಯನಂತೆ, ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದ.