ಟ್ರಾಮಿಗೆ ನಾಲ್ಕು ನಿಂಬೆಹಣ್ಣು

ಅಡಿಲೇಡಿನಲ್ಲಿ ಮಗಳ ಮನೆಯಲ್ಲಿದ್ದ ವರ್ಷಗಳಲ್ಲಿ ನನ್ನ ಭಾನುವಾರಗಳು ಊರಾಚೆಯ ಟ್ರಾಮ್ ಶೆಡ್ಡಿನಲ್ಲಿ ಕಳೆದವು. ಅಲ್ಲಿ ಸ್ವಯಂಸೇವಕರು ಹಳೆಯ ಟ್ರಾಮುಗಳನ್ನು ದುರಸ್ತಿ ಮಾಡಿ ಓಡಿಸುತ್ತಿದ್ದರು. ದುರಸ್ತಿಗಿಂತ ಹೆಚ್ಚು ಚಹಾ ಕುಡಿಯುತ್ತಿದ್ದರು. ಹತ್ತಕ್ಕೆ ಬರಬೇಕಾದವರು ಹನ್ನೊಂದಕ್ಕೆ ಬಂದು ಬಿಸಿಲನ್ನು ಬೈಯುತ್ತಿದ್ದರು.

ನನ್ನ ಪಾಲಿಗೆ ಬಂದದ್ದು 'ಎ' ಮಾದರಿಯ ಗಾಡಿ. ಕುದುರೆ ಟ್ರಾಮುಗಳು ಹೋಗಿ ನಗರಕ್ಕೆ ವಿದ್ಯುತ್ ಟ್ರಾಮು ಬಂದಾಗ ಮೊದಲು ಓಡಿದ ತಂಡದ್ದು. ನಡುವೆ ಮುಚ್ಚಿದ ಕೋಣೆ, ಎರಡೂ ತುದಿಗೆ ತೆರೆದ ಬೆಂಚು. 'ಎ' ಅದರ ಹುಟ್ಟುಹೆಸರಲ್ಲ. ಮಾದರಿಗಳು ಹೆಚ್ಚಿ ಗೊಂದಲವಾದ ಮೇಲೆ ಕಚೇರಿಯವರು ಅಂಟಿಸಿದ್ದು. ಅಷ್ಟು ದುಡಿದ ಗಾಡಿಗಳನ್ನು ಕೊನೆಗೆ ಜನ ಕೊಂಡು ಕಡಲತೀರದ ಗುಡಿಸಲು ಮಾಡಿಕೊಂಡರು. ನಮ್ಮದರಲ್ಲಿ ಯಾರೋ ಮಹಾನುಭಾವ ಕೋಳಿ ಸಾಕಿದ್ದ.

ಅದರ ಕಂಡಕ್ಟರ್ ಆಗಲು ಪರೀಕ್ಷೆ ಪಾಸಾಗಬೇಕಿತ್ತು. ಮನೆಯಲ್ಲಿ ಮೊಮ್ಮಕ್ಕಳ ಕಾವಲಿಗಷ್ಟೇ ಉಳಿದಿದ್ದ ನನಗೆ ಕಂಡಕ್ಟರನ ಹೆಗಲಿನ ಆ ಚರ್ಮದ ಚೀಲ ಬೇಕೇ ಬೇಕಿತ್ತು. ಕೊನೆಯ ನಿಲ್ದಾಣದಿಂದ ಗಾಡಿ ಬಂದ ಹಳಿಯಲ್ಲೇ ಹಿಂದಿರುಗುವಾಗ ಕ್ರಮ ಸರಳ: ಗಾಡಿಯ ನೆತ್ತಿಯಿಂದ ಮೇಲಿನ ವಿದ್ಯುತ್ ತಂತಿಗೆ ತಾಗಿರುವ ಕಂಬವನ್ನು ಹಗ್ಗ ಹಿಡಿದು ಇನ್ನೊಂದು ತುದಿಯ ಕಡೆಗೆ ತಿರುಗಿಸಬೇಕು, ಆಮೇಲೆ ಹೊರಡಲು ಎರಡು ಸಲ ಗಂಟೆ ಬಾರಿಸಬೇಕು. ತಿರುಗಿಸದೆ ಹೊರಟರೆ ಕಂಬ ತಂತಿ ತಪ್ಪುತ್ತದೆ.

ಪರೀಕ್ಷೆಯ ದಿನವೇ ಆಯುಧಪೂಜೆ. ನೋಡಲು ಬಂದು ಗಾಡಿ ಹತ್ತಿದ್ದ ನಾಲ್ಕಾರು ಕನ್ನಡ ಸಂಸಾರಗಳು ಕೊನೆಯ ನಿಲ್ದಾಣದಲ್ಲಿ ಇಳಿದವರೇ ಅರಿಶಿನ ಕುಂಕುಮ ತೆಗೆದರು. ಎಲ್ಲರೂ ಇಂಜಿನಿಯರುಗಳು, ಬ್ರೇಕಿಗಿಂತ ನಿಂಬೆಹಣ್ಣಿನ ಮೇಲೆ ನಂಬಿಕೆ.

"ಅಂಕಲ್, ಕಾರಿಗೆ ಅಂತ ತಂದಿದ್ವಿ, ನಾಲ್ಕೇ ಇರೋದು."

"ಇದಕ್ಕೂ ನಾಲ್ಕೇ ಚಕ್ರ ಕಣಪ್ಪಾ."

"ಸೂಪರ್! ಹಾಗೇ ಇಲ್ಲೊಂದ್ ಬೊಟ್ಟು ಇಟ್ಬಿಡ್ಲಾ?"

"ವಾರ್ನಿಶ್ ಮುಟ್ಟಿದ್ರೆ ನೋಡು! ಗಾಜಿಗಿಡು."

ಒಂದು ಹಣ್ಣನ್ನೂ ನೆಟ್ಟಗೆ ಇಡಲು ಬಾರದ ಜನ. ನಾನೇ ಬಗ್ಗಿ ನಾಲ್ಕನ್ನೂ ಚಕ್ರಕ್ಕೆ ಸರಿಯಾಗಿ ತಾಗಿಸಿದೆ. ಯಾವುದಕ್ಕೂ ಒಂದು ಕ್ರಮ ಇರಬೇಕೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಒಳಗೆ ಹತ್ತಿ ಎರಡು ಸಲ ಗಂಟೆ ಬಾರಿಸಿದೆ.

ಗಾಡಿ ಅಲುಗಲಿಲ್ಲ. ಚಾಲಕನೇ ನನ್ನ ಪರೀಕ್ಷಕ, ಚಹಾ ಕುಡಿಯುವವರಲ್ಲಿ ಅಗ್ರಗಣ್ಯ. ಅವನು ಬೆರಳು ಮಾಡಿ ಮೇಲಕ್ಕೆ ತೋರಿಸಿದ. ಕಂಬ ಬಂದಾಗ ಹೇಗಿತ್ತೋ ಹಾಗೇ ಇತ್ತು.

"ಯಾಕೆ ಅಂಕಲ್, ನಿಂಬೆಹಣ್ಣು ಸರೀಗಿಲ್ವಾ?"

"ನಿಂಬೆಹಣ್ಣು ಸರಿಯಾಗೇ ಇದೆ," ಎಂದೆ.

ಇಳಿದು ಕಂಬ ತಿರುಗಿಸಿದೆ. ಚಾಲಕ ಕೇಳುವ ಮೊದಲೇ ಚೀಲ ಕಳಚಿ ಕೊಟ್ಟು, ತೆರೆದ ಬೆಂಚಿನಲ್ಲಿ ಪ್ರಯಾಣಿಕನಾಗಿ ಕೂತು ಬಂದೆ.

ಮುಂದಿನ ಭಾನುವಾರ ಮತ್ತೆ ಪರೀಕ್ಷೆ, ಹತ್ತು ಗಂಟೆಗೆ. ಹತ್ತಕ್ಕೆ ಐದು ನಿಮಿಷ ಮೊದಲೇ ಹೋದೆ. ಶೆಡ್ಡಿಗೆ ಬೀಗ ಹಾಕಿತ್ತು.