ವಾಹಿದ್ ಕೋಚ್ ಮಾಡಿದ ಸಲಾಮು

ಚೆಂಡಾಡಿದರೆ ಸಂಬಳ ಕೊಡುತ್ತಾರೆ ಎಂಬುದನ್ನು ಭದ್ರಾವತಿಯಲ್ಲಿದ್ದ ವಾಹಿದ್‌ನ ಅಮ್ಮ ಕೊನೆಯವರೆಗೂ ನಂಬಲಿಲ್ಲ. ಇಂಜಿನಿಯರಿಂಗ್ ಓದಲು ಮ್ಯಾಂಚೆಸ್ಟರಿಗೆ ಹೋದ ಮಗ ಎಂಬತ್ತರ ದಶಕದಲ್ಲಿ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬೊಂದರ ಸಂಬಳದ ಆಟಗಾರನಾಗಿಬಿಟ್ಟ. ಸಂಬಳವೋ, ಹೆಸರಿಗಷ್ಟೇ. ಮನೆ ನಡೆದದ್ದು, ಮನೆಯ ಸಾಲ ತೀರಿದ್ದು ಅಲ್ಲಿನ ವಿದನ್‌ಶಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಆಬಿದಾಳ ದುಡಿಮೆಯಿಂದ.

ಬುಟ್ಟಿಗೆ ಚೆಂಡು ಹಾಕಿದವನು, ಅದನ್ನು ತನಗೆ ಕೊಟ್ಟವನತ್ತ ಬೆರಳು ತೋರಿಸಿ ಕೃತಜ್ಞತೆ ಹೇಳುವುದು ಆ ಆಟದ ರೂಢಿ. ಮೊದಲ ಪಂದ್ಯದಲ್ಲಿ ವಾಹಿದ್‌ಗೆ ಚೆಂಡು ಕೊಟ್ಟವನು ಕ್ಯಾಪ್ಟನ್, ವಯಸ್ಸಿನಲ್ಲಿ ಬಹಳ ದೊಡ್ಡವನು. ದೊಡ್ಡವರಿಗೆ ಬೆರಳು ತೋರಿಸುವುದುಂಟೇ? ಇವನ ಕೈ ತಾನಾಗಿಯೇ ಹಣೆಗೆ ಹೋಯಿತು, ತಲೆ ಬಾಗಿತು. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ವಾರದಿಂದ ಇಡೀ ತಂಡ ಸಲಾಮು ಹೊಡೆಯತೊಡಗಿತು. ಮೊಣಕಾಲು ಕೈಕೊಟ್ಟು ಅವನು ಕೋಚ್ ಆದ ಮೇಲೆ, ಕಲಿಯಲು ಬಂದ ಮಕ್ಕಳಿಗೆಲ್ಲ ಇದೇ ಕಾಯಿದೆಯಾಯಿತು.

ಇಷ್ಟು ವರ್ಷಗಳಲ್ಲಿ ಆಬಿದಾ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಪಂದ್ಯಗಳು ಶನಿವಾರ, ಅವಳ ಪಾಳಿಯೂ ಶನಿವಾರ. ವಾರದ ಕೊನೆಗೆ ಹೆಚ್ಚು ಸಂಬಳ ಸಿಗುತ್ತದೆಂದು ಅವಳೇ ಕೇಳಿ ಹಾಕಿಸಿಕೊಂಡದ್ದು. 2014ರ ಮೇ ತಿಂಗಳಲ್ಲಿ ಕೋಚ್ ಆಗಿ ವಾಹಿದ್‌ನ ಕೊನೆಯ ಪಂದ್ಯ ಬಂತು. ಇನ್ನು ನೋಡದಿದ್ದರೆ ಎಂದೂ ಇಲ್ಲ. ಅವಳು ರಜೆ ಹಾಕಿದ್ದಳು, ಆದರೆ ಬೆಳಿಗ್ಗೆ ವಾರ್ಡಿನಿಂದ ಫೋನು ಬಂದು ಓಡಿದಳು.

ಆಟದುದ್ದಕ್ಕೂ ವಾಹಿದ್‌ನ ಕಣ್ಣು ಬಾಗಿಲ ಮೇಲೆಯೇ. ಸೋತರೆ ಸೋಲಲಿ, ಅವಳೊಬ್ಬಳು ಬಂದರೆ ಸಾಕು ಎಂದು ಬೇಡಿಕೊಂಡ. ಅಲ್ಲಾಹನು ಎರಡನ್ನೂ ಕೇಳಿಸಿಕೊಂಡಿರಬೇಕು. ಅವನ ತಂಡದ ಹುಡುಗಿಯರು ಚೆನ್ನಾಗಿ ಸೋಲುತ್ತಿದ್ದಾಗ, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ, ಆಬಿದಾ ನರ್ಸ್ ಉಡುಪಿನಲ್ಲೇ ಏದುಸಿರು ಬಿಡುತ್ತ ಒಳಗೆ ಬಂದಳು.

ಆಗಲೇ ತಂಡದ ಹಿಬಾ ಒಂದು ಬುಟ್ಟಿ ಹಾಕಿ, ಗೆಳತಿ ಮಹ್ನೂರ್‌ಗೆ ಸಲಾಮು ಮಾಡಿದಳು. ಅದೇನೆಂದು ಆಬಿದಾ ಪಕ್ಕದವರನ್ನು ಕೇಳಿದಳು. ಚೆಂಡು ಕೊಟ್ಟವರಿಗೆ ಸಲ್ಲಿಸುವುದು, ಕೋಚ್ ಕಲಿಸಿದ್ದು ಎಂದರು.

ಆಟ ಮುಗಿದ ಮೇಲೆ ಹೂಗುಚ್ಛ ಕೊಟ್ಟು, ವಾಹಿದ್‌ಗೆ ನಾಲ್ಕು ಮಾತಾಡಲು ಹೇಳಿದರು. ಹೂಗುಚ್ಛವನ್ನು ಬೆಂಚಿನ ಮೇಲಿಟ್ಟ. ಅವನು ಆಬಿದಾಳತ್ತ ತಿರುಗಿ, ಕೈಯನ್ನು ಹಣೆಗೆ ತಂದು ತಲೆ ಬಾಗಿಸಿದ. ಹುಡುಗಿಯರೆಲ್ಲ ಅತ್ತಲೇ ತಿರುಗಿ ಹಾಗೆಯೇ ಮಾಡಿದರು.

ಆಬಿದಾ ಕಣ್ಣೊರೆಸಿಕೊಂಡಳು. ಆಮೇಲೆ, ಮಕ್ಕಳನ್ನು ಹರಸುವ ಹಿರಿಯಳ ಗತ್ತಿನಲ್ಲಿ ಕೈಯೆತ್ತಿದಳು.

"ಜೀತೆ ರಹೋ," ಎಂದಳು. "ನನ್ನ ಬ್ರೇಕ್ ಮುಗೀತು ರೀ, ಹೊರಟೆ."

ಅವಳು ಬಾಗಿಲು ದಾಟುವವರೆಗೂ ವಾಹಿದ್ ಹಣೆಯ ಮೇಲಿನ ಕೈ ಇಳಿಸಲಿಲ್ಲ.