ಅಕ್ಕೋರ ವಿಮರ್ಶೆ

ಅಕ್ಕೋರು ನಕ್ಕರೆ ಮೊದಲು ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ಭುಜ, ಕೊನೆಗೆ ಧ್ವನಿ. ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದಾಗಲೂ ಅವರಿಗೆ ನಗು ಬರುತ್ತಿರುವುದು ಬೆನ್ನು ನೋಡಿಯೇ ನಮಗೆ ಗೊತ್ತಾಗುತ್ತಿತ್ತು. ಹಾನಗಲ್ಲಿನ ಹೈಸ್ಕೂಲಿನಲ್ಲಿ ಅವರು ಹಿಂದಿ ಕಲಿಸುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತಾರೆ. ಶಾಲೆಯಲ್ಲಿ ಬೇರೆ ಅಕ್ಕೋರೂ ಇದ್ದರು, ಆದರೆ ಬರೀ ‘ಅಕ್ಕೋರು’ ಅಂದರೆ ಇವರೇ.

ಹಿಂದಿಗಿಂತ ಹೆಚ್ಚಾಗಿ ನಾನು ಅವರಿಂದ ಕಲಿತದ್ದು ಧಾರಾವಾಹಿ ನೋಡುವುದನ್ನು. ಹಿಂದಿನ ದಿನ ಟಿವಿಯಲ್ಲಿ ಬಂದದ್ದಕ್ಕೆ ಬೆಳಿಗ್ಗೆ ತರಗತಿಯಲ್ಲಿ ತಪಾಸಣೆ ನಡೆಯುತ್ತಿತ್ತು. “ರೇಷ್ಮಿ ಸೀರಿ ಉಟ್ಟು ರೊಟ್ಟಿ ಬಡ್ಯಾಕತ್ತಾಳ. ಸೀರಿಗೆ ಚೂರೂ ಹಿಟ್ಟು ಹತ್ತವಲ್ದು! ಬರದಾಂವ ಜನ್ಮದಾಗ ರೊಟ್ಟಿ ಬಡದಿಲ್ಲ ನೋಡ್ರಿ.” ನಮ್ಮ ಹಾಸ್ಟೆಲಿನಲ್ಲಿ ಟಿವಿ ಇರಲಿಲ್ಲ. ಆ ಕಥೆಗಳನ್ನೆಲ್ಲ ನಾನು ನೋಡಿದ್ದು ಅಕ್ಕೋರ ಬೈಗುಳದಲ್ಲಿಯೇ.

ತರಗತಿಯಲ್ಲಿ ಗುಂಪುಗಳಿದ್ದವು. ಅಡಿಕೆ, ಭತ್ತದ ವ್ಯಾಪಾರದ ಮನೆಗಳಿಂದ ಬರುವ ಪೇಟೆಯ ಹುಡುಗಿಯರಿಗೆ ಕಿಟಕಿ ಪಕ್ಕದ ಬೆಂಚುಗಳು. ತಿಳವಳ್ಳಿ ಬಸ್ಸಿನಲ್ಲಿ ಬರುವವರು ಒಂದು ಕಡೆ. ಬೇರೆ ಬೇರೆ ಊರುಗಳ ನಮ್ಮ ಕೇರಿಗಳಿಂದ ಬಂದು ಹಾಸ್ಟೆಲಿನಲ್ಲಿದ್ದ ನಾವು ಇನ್ನೊಂದು ಕಡೆ. ಯಾರೂ ಗೆರೆ ಎಳೆದಿರಲಿಲ್ಲ. ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ, ನಾವು ಬಿಸಿಯೂಟದ ತಟ್ಟೆ ಹಿಡಿದು ಕೂತಾಗ ಅದು ತಾನಾಗಿ ಕಾಣುತ್ತಿತ್ತು.

ಒಂಬತ್ತನೇ ತರಗತಿಯಲ್ಲಿ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಗುಂಪು ನೃತ್ಯವಿತ್ತು. ನಾನು ಚೆನ್ನಾಗಿ ಕುಣಿಯುತ್ತಿದ್ದೆ, ಮುಂದಿನ ಸಾಲಿಗೆ ಆಯ್ಕೆಯೂ ಆಗಿದ್ದೆ. ಕಾರ್ಯಕ್ರಮದ ದಿನ ಪೇಟೆಯ ಹುಡುಗಿಯರ ಮುಂದಾಳು, “ಇಕಿ ಕೈ ಹಿಡಕೊಂಡು ನಾವು ಕುಣ್ಯಂಗಿಲ್ಲ” ಅಂದುಬಿಟ್ಟಳು. ಉಳಿದವರು ನನ್ನನ್ನು ಬಿಟ್ಟು ಸಾಲು ಕಟ್ಟಿದರು. ವೇಷ ತೊಟ್ಟು, ಗೆಜ್ಜೆ ಕಟ್ಟಿಕೊಂಡು ವರಾಂಡದಲ್ಲಿ ನಾನು ಒಬ್ಬಳೇ ನಿಂತಿದ್ದಾಗ ಅಕ್ಕೋರು ಆ ಕಡೆಯಿಂದ ಬಂದರು. ನನ್ನನ್ನು ನೋಡಿದರು, ಒಳಗಿದ್ದ ಹುಡುಗಿಯರನ್ನು ನೋಡಿದರು. ಆಮೇಲೆ ಮುಖ ತಿರುಗಿಸಿ ಸ್ಟಾಫ್ ರೂಮಿಗೆ ಹೋದರು.

ಮರುದಿನ ಮಧ್ಯಾಹ್ನ ಡಬ್ಬಿ ಹಿಡಿದು ನಮ್ಮ ನಡುವೆ ಬಂದು ಕೂತರು. ತಮ್ಮ ಪಲ್ಯ ನನ್ನ ತಟ್ಟೆಗೆ ಹಾಕಿ, ನಮ್ಮ ಸಾರು ತಾವು ಬಡಿಸಿಕೊಂಡರು. ನಾವು ಶಾಲೆ ಬಿಡುವವರೆಗೂ ಅವರ ಊಟ ನಮ್ಮ ಜೊತೆಗೇ. ಗ್ಯಾದರಿಂಗಿನ ದಿನದ ಮಾತು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬರವಣಿಗೆಯನ್ನೇ ಹೊಟ್ಟೆಪಾಡು ಮಾಡಿಕೊಂಡು ಹುಬ್ಬಳ್ಳಿಯಲ್ಲಿ ನೆಲೆಸಿದ ಮೇಲೆ, ಮೊಬೈಲಿನಲ್ಲಿ ನೋಡುವಂಥ ಒಂದು ಸರಣಿ ಬರೆಯುವ ಅವಕಾಶ ಸಿಕ್ಕಿತು. ಹೈಸ್ಕೂಲಿನ ಗುಂಪುಗಳ ಕಥೆ. ವಿಮರ್ಶೆಗಳು ಎರಡು ಹೋಳಾದವು. ನಮ್ಮ ಕನ್ನಡ ಶಾಲೆಗಳಲ್ಲಿ ಇಂಥ ಗುಂಪುಗಾರಿಕೆ ಎಲ್ಲಿದೆ, ಇದು ಹೊರದೇಶದ ನಕಲು ಎಂದು ಒಬ್ಬರು ವಿಡಿಯೊದಲ್ಲಿ ಹಂಗಿಸಿದರು. ಒಂದು ಪತ್ರಿಕೆ ಮನಸಾರೆ ಹೊಗಳಿತು. ವರಾಂಡದಲ್ಲಿ ಮುಖ ತಿರುಗಿಸುವ ಟೀಚರೇ ಇಡೀ ಸರಣಿಯ ಅತ್ಯಂತ ನಿಜವಾದ ಪಾತ್ರ ಎಂದು ಅದರಲ್ಲಿತ್ತು. ಬೈಗುಳ ಕೇಳಿದಾಗ ಆಗದ ಸಂಕಟ ಆ ಹೊಗಳಿಕೆ ಓದಿ ಆಯಿತು.

ಅಕ್ಕೋರೂ ಇದ್ದ ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಹತ್ತಿತು. ಅಂದಿನ ಮುಂದಾಳು ಈಗ ಹಿರೇಕೆರೂರಿನ ಸೊಸೆ. “ಅನ್ನ ಹಂಚಿಕೊಂಡ ಅಕ್ಕೋರಿಗೆ ಅವಮಾನ ಮಾಡೀದಿ. ಎಲ್ಲಾರ ಮುಂದ ಕ್ಷಮಾ ಕೇಳು” ಎಂದು ಬರೆದಳು. ಬಹಳ ಮಂದಿ ದನಿಗೂಡಿಸಿದರು. ಅದೇ ವಾರ ಅಕ್ಕೋರ ಫೋನು ಬಂತು. “ಊರಿಗೆ ಬಾ. ಮಾತಾಡೋದೈತಿ.” ಅಷ್ಟೇ.

ಹಾನಗಲ್ಲಿನ ಬಸ್ಸು ದಾರಿಯ ತಡಸ ತಲುಪಿದಾಗ ಇಳಿದು ವಾಪಸ್ ಹೋಗಿಬಿಡಲೇ ಅನ್ನಿಸಿತು. ನಾನು ಬರೆದದ್ದು ಸುಳ್ಳಲ್ಲ. ಆದರೆ ನಿವೃತ್ತರಾಗಿ ಮನೆಯಲ್ಲಿ ಕೂತ ಜೀವಕ್ಕೆ ಅದು ಎಷ್ಟು ಚುಚ್ಚಿತೋ ಏನೋ.

ಅಕ್ಕೋರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮೊಣಕಾಲು ನೋವು ಜಾಸ್ತಿಯಾಗಿತ್ತು. “ಬಾ ಯವ್ವಾ, ಕುಂದ್ರು,” ಅಂದವರೇ ನನ್ನ ಸರಣಿಯ ತಪಾಸಣೆ ಶುರು ಮಾಡಿದರು. “ಪರೀಕ್ಷಾ ಹಾಲಿನ್ಯಾಗ ಹುಡುಗ್ಯಾರು ಹೂವಿನ ದಂಡಿ ಮುಡಕೊಂಡು ಕುಂತಾರಲ್ಲ, ಮದವಿಗೆ ಬಂದಾರೇನು?”

“ಅದು ಡೈರೆಕ್ಟರ್ ಮಾಡಿದ್ದರಿ ಅಕ್ಕೋರ.”

“ಆ ಟೀಚರ್ ನಾನ ಹೌದಲ್ಲ?”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ಹೌದ್ರಿ.”

ಅವರು ಮೊಣಕಾಲು ಉಜ್ಜಿಕೊಳ್ಳುತ್ತ ಹೇಳಿದರು: “ಆವತ್ತು ಆ ಹುಡುಗಿ ಅಂದದ್ದು ನನಗ ಕೇಳಿಸಿತ್ತು. ಅವರೆಲ್ಲಾ ನಮ್ಮ ಬಳಗದವರ. ಬಳಗದಾಗ ನನ್ನ ಸುದ್ದಿ ಆಡ್ತಾರಂತ ಅಂಜಿದೆ, ಮಾರಿ ತಿರುವಿದೆ. ನಿನಗ ತಿಳಿದಿಲ್ಲ ಅನ್ಕೊಂಡಿದ್ದೆ, ಇಷ್ಟು ವರ್ಷ.” ಆಮೇಲೆ ನನ್ನನ್ನೇ ದಿಟ್ಟಿಸಿ ಕೇಳಿದರು: “ಮರುದಿವಸ ನಿಮ್ಮ ಜೋಡಿ ಉಣ್ಣಾಕ ಬಂದೆ. ಅದನ್ಯಾಕ ತೋರಸಲಿಲ್ಲ?”

“ಆ ಸೀನೂ ಬರದಿದ್ದೆರಿ. ಆಮ್ಯಾಲ ನಾನ ಕಾಟು ಹೊಡದ ಹಾಕಿದೆ.”

“ಯಾಕ?”

“ಅದನ್ನ ತೋರಸಿದ್ರ ನೋಡಿದವರ ಮನಸ್ಸು ಹಗುರ ಆಗ್ತಿತ್ತರಿ. ವರಾಂಡದಾಗ ನಿಂತ ಹುಡುಗಿಗೆ ಆವತ್ತು ಏನೂ ಹಗುರ ಆಗಿರಲಿಲ್ಲ.”

ಹೇಳಿದ ಮೇಲೆ ನನಗೇ ದಿಗಿಲಾಯಿತು. ಅಕ್ಕೋರ ಹೊಟ್ಟೆ ಮೆಲ್ಲಗೆ ಕುಲುಕಿತು, ಆಮೇಲೆ ಭುಜ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. “ಚೊಲೊ ಮಾಡೀದಿ. ತೋರಸಿದ್ರ ನಾ ಭಾಳ ಒಳ್ಳೇಕಿ ಆಗಿಬಿಡತಿದ್ದೆ. ಆಮ್ಯಾಲ ಅದು ಆ ರೊಟ್ಟಿ ಬಡಿಯೋ ಧಾರಾವಾಹಿನ ಆಕ್ಕಿತ್ತು.”

ದಿಂಬಿನ ಪಕ್ಕದಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟರು. “ಆ ಗುಂಪಿಗೆ ನನ್ನ ಧ್ವನಿ ಕಳಸು.” ನಾನು ಒತ್ತಿ ಹಿಡಿದೆ. ಅಕ್ಕೋರು ತರಗತಿಯಲ್ಲಿ ಹಾಜರಿ ಕರೆಯುವ ಗಟ್ಟಿ ದನಿಯಲ್ಲಿ ಹೇಳಿದರು: “ಆ ಟೀಚರ್ ನಾನ. ಅದರಾಗ ಸುಳ್ಳಿಲ್ಲ. ಇಕಿ ಯಾರಿಗೂ ಕ್ಷಮಾ ಕೇಳೂದು ಬ್ಯಾಡ. ಕೇಳಬೇಕಾದಕಿ ನಾನು. ಈಗ ಕೇಳಾಕತ್ತೇನಿ.”

ಕೊನೆಯ ಮಾತು ಹೇಳುವಾಗ ಅವರು ಫೋನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಗುಂಪು ತಣ್ಣಗಾಯಿತು. ಹಿರೇಕೆರೂರಿನವಳು ಕೈಮುಗಿದ ಚಿತ್ರವೊಂದನ್ನು ಹಾಕಿದಳು. ಅದು ಅಕ್ಕೋರಿಗೋ ನನಗೋ, ನಾನು ಕೇಳಲಿಲ್ಲ. ವಾಪಸ್ ಬರುವಾಗ ಬಸ್ಸು ಹತ್ತಿದ್ದಷ್ಟೇ ನೆನಪು. ಸರಣಿ ಬಿಡುಗಡೆಯಾದಂದಿನಿಂದ ಸರಿಯಾಗಿ ಮುಚ್ಚದಿದ್ದ ಕಣ್ಣು ಹುಬ್ಬಳ್ಳಿಯವರೆಗೂ ತೆರೆಯಲಿಲ್ಲ, ಕಂಡಕ್ಟರೇ ಎಬ್ಬಿಸಬೇಕಾಯಿತು.

ಹೋದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಸುದ್ದಿ ಕೇಳಿ ಹಾನಗಲ್ಲಿಗೆ ಹೋದೆ, ಮಂದಿಯ ನಡುವೆ ದಾರಿ ಮಾಡಿಕೊಂಡು ಅವರ ಕಾಲ ಹತ್ತಿರ ಕೂತೆ. ನಮ್ಮಿಬ್ಬರ ನಡುವೆ ಹೇಳದೆ ಉಳಿದ ಮಾತು ಒಂದೂ ಇರಲಿಲ್ಲ. ಅಳು ಬಂತು. ಅದರಲ್ಲಿ ಅಳುಕಿರಲಿಲ್ಲ.